ಖಾಲಿ ಮಾತ್ರೆಗಳ ಲೆಕ್ಕ

ನಮ್ಮ ಕಾಲೇಜಿನ ವಾದ್ಯವೃಂದದ ತಾಲೀಮು ಮುಂಬಯಿಯ ಮಾಟುಂಗದಲ್ಲಿ ನಡೆಯುತ್ತಿದ್ದುದಕ್ಕೆ ಕಾರಣ ಸಂಗೀತವಲ್ಲ, ರೈಲು. ಸೆಂಟ್ರಲ್ ಲೈನಿನ ಮಾಟುಂಗಾ, ವೆಸ್ಟರ್ನಿನ ಮಾಟುಂಗಾ ರೋಡ್, ಹಾರ್ಬರಿನ ಕಿಂಗ್ಸ್ ಸರ್ಕಲ್ ಮೂರೂ ನಡೆದು ಬರುವಷ್ಟು ಹತ್ತಿರ. ಡೊಂಬಿವಲಿಯ ಸಿತಾರ್, ಗೋರೆಗಾಂವಿನ ಕೊಳಲು, ವಾಶಿಯ ತಬಲಾ ಒಂದೇ ಹೊತ್ತಿಗೆ ಸೇರಬೇಕಾದರೆ ಬೇರೆ ಜಾಗವೇ ಇಲ್ಲ. ಭಾನುವಾರ ಮಾತ್ರ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕಿನ ಕಾಟ. ಯಾವ ಲೈನು ಎಷ್ಟು ಗಂಟೆವರೆಗೆ ಎಂದು ಶನಿವಾರ ಸಂಜೆಯೇ ನೋಡಿಕೊಂಡು ವೇಳೆ ಬದಲಿಸಬೇಕಾಗುತ್ತಿತ್ತು. ಸಿತಾರ್ ಲಗೇಜ್ ಡಬ್ಬದಲ್ಲಿ ಬರುತ್ತಿತ್ತು, ಬುರುಡೆ ಗೋಡೆಯ ಕಡೆ, ದಂಡಿ ಕೈಯಲ್ಲಿ.

ವೃಂದದಲ್ಲಿ 14 ಮಂದಿ: ಎರಡು ಸಿತಾರ್, ನಾಲ್ಕು ವಯಲಿನ್, ಮೂರು ಕೊಳಲು, ಒಂದು ಹಾರ್ಮೋನಿಯಂ, ಎರಡು ತಬಲಾ, ಎರಡು ಮೀರಜ್ ತಂಬೂರಿ. ವರ್ಷಕ್ಕೊಂದು ಹೊಸ ರಚನೆ, ಹತ್ತು ಹನ್ನೆರಡು ನಿಮಿಷದ್ದು. ಹಿಂದೂಸ್ತಾನಿಯಲ್ಲಿ ವೃಂದವಾದನ ಹೊಸತೇನೂ ಅಲ್ಲ. ಮೈಹರಿನಲ್ಲಿ ಅಲ್ಲಾವುದ್ದೀನ್ ಖಾನರು ಅನಾಥ ಮಕ್ಕಳನ್ನು ಕೂಡಿಸಿ ಬ್ಯಾಂಡ್ ಕಟ್ಟಿದರು, ಬಂದೂಕಿನ ನಳಿಗೆಗಳಿಂದ ನಳತರಂಗ ಮಾಡಿಸಿದರು. 1952ರಲ್ಲಿ ದೆಹಲಿ ಆಕಾಶವಾಣಿಯಲ್ಲಿ ರವಿಶಂಕರರ ಕೈಕೆಳಗೆ ವಾದ್ಯವೃಂದ ಶುರುವಾಯಿತು. ಆದರೂ ಇಲ್ಲಿಗೆ ಬರುವ ಹುಡುಗ ಹುಡುಗಿಯರೆಲ್ಲ ಗುರುಗಳೆದುರು ಒಬ್ಬರೇ ಕೂತು ಕಲಿತವರು. ನುಡಿಸುವುದನ್ನು ಹತ್ತು ವರ್ಷ ಕಲಿತಿರುತ್ತಾರೆ, ಸುಮ್ಮನಿರುವುದನ್ನು ಒಂದು ದಿನವೂ ಕಲಿತಿರುವುದಿಲ್ಲ. ಎಲ್ಲರೂ ಕಲಿತ ಯಮನ್ ರಾಗದ ಗತ್ತಿನಲ್ಲಿ ದಾರಿ ತಪ್ಪಿದರೆ ಕಿವಿಯೇ ಕೈಹಿಡಿದು ತರುತ್ತದೆ. ಯಾರೂ ಕೇಳಿರದ ರಚನೆಯಲ್ಲಿ ಕಿವಿಗೆ ಯಾವ ನೆನಪೂ ಇರುವುದಿಲ್ಲ.

ಮೊದಲ ಜಗಳ ‘ಸಾ’ ಎಲ್ಲಿಡಬೇಕು ಎಂಬುದು. ನಾವು ಹಾರ್ಮೋನಿಯಂನ ಬಿಳಿ 2, ಅಂದರೆ ಡಿ ಹಿಡಿದೆವು. ವಯಲಿನ್ ಜಿ-ಡಿ-ಎ-ಇ ಆಗಿ ಬರುತ್ತದೆ. ಡಿ ಷಡ್ಜವಾದರೆ ನಡುವಿನ ಎರಡು ತಂತಿಗಳನ್ನು ಮುಟ್ಟಬೇಕಾಗಿಲ್ಲ, ಕೆಳಗಿನ ಜಿ ಒಂದು ಸ್ವರ ಏರಿ ಮೇಲಿನ ಇ ಒಂದು ಸ್ವರ ಇಳಿದರೆ ಪ-ಸ-ಪ-ಸ ಸಿದ್ಧ. ಸಿ-ಶಾರ್ಪಿಗೆ ಕಟ್ಟಿದ ಸಿತಾರ್ ಮಾತ್ರ ಅರ್ಧ ಸ್ವರ ಏರಬೇಕು. ಒಂದೇ ದಿನ ಏರಿಸಿದರೆ ರಾಗ ನುಡಿಸುವ ಮುಖ್ಯ ತಂತಿ, ಬಾಜ್, ಹರಿಯಬಹುದು. ಎರಡು ಮೂರು ದಿನ ಬಿಟ್ಟು ಬಿಟ್ಟು ಏರಿಸಿ, ಕೆಳಗೆ ತಾವಾಗಿ ಮಿಡಿಯುವ ಹನ್ನೊಂದು ಹದಿಮೂರು ತರಬ್ ತಂತಿಗಳನ್ನೂ ಜೊತೆಗೆ ಒಯ್ಯಬೇಕು.

ಕೊಳಲಿನದು ಬೇರೆಯೇ ಲೆಕ್ಕ. ಡಿ ಕೊಳಲು ಉದ್ದ, ಹದಿನೈದರ ಕೈಬೆರಳು ಕೊನೆಯ ತೂತಿಗೆ ಎಟುಕುವುದಿಲ್ಲ. ಅದಕ್ಕೆ ಜಿ ಕೊಳಲು ತರಿಸಿದೆವು. ಅದರ ಆರೂ ತೂತು ಮುಚ್ಚಿದರೆ ಬರುವುದು ಜಿ ಷಡ್ಜದ ಮಂದ್ರ (ಕೆಳಗಿನ ಸಪ್ತಕದ) ಪಂಚಮ, ಅಂದರೆ ನಮ್ಮ ಡಿ. ಅಲ್ಲಿಂದ ಒಂದೊಂದೇ ತೂತು ತೆರೆದರೆ ಬಿಲಾವಲ್ ಸ್ವರಗಳು, ಅಂದರೆ ಎಲ್ಲವೂ ಶುದ್ಧ ಸ್ವರಗಳೇ, ಸಾಲಾಗಿ ಸಿಗುತ್ತವೆ. ನಷ್ಟ ಒಂದೇ, ಷಡ್ಜಕ್ಕಿಂತ ಕೆಳಗೆ ಇಳಿಯಲಾಗದು. ಬರೆಯುವವರಿಗೆ ಇದು ಗೊತ್ತಿರದಿದ್ದರೆ ಕೊಳಲಿಗೆ ಮಂದ್ರ ನಿಷಾದ ಬರೆದುಬಿಡುತ್ತಾರೆ. ತಾಲೀಮಿನ ಮೊದಲ ದಿನ ಮೂವರೂ ಆ ಜಾಗಕ್ಕೆ ಬಂದು ಕೊಳಲು ಕೆಳಗಿಡುತ್ತಾರೆ.

ಹಾರ್ಮೋನಿಯಂ ಬಗ್ಗೆ ನನಗೆ ಪೂರ್ವಗ್ರಹವಿದೆ, ಒಪ್ಪಿಕೊಳ್ಳುತ್ತೇನೆ. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಹೊರಗಿಟ್ಟದ್ದು ಅತಿಯಾಯಿತು, ಆದರೆ ಕಾರಣ ಪೂರ್ತಿ ಸುಳ್ಳಲ್ಲ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಹಾರ್ಮೋನಿಯಂನ ಶುದ್ಧ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ 14 ಪಾಲು ಮೇಲೆ. ದ್ರುತದಲ್ಲಿ ಯಾರಿಗೂ ತಿಳಿಯದು. ವಿಲಂಬಿತದಲ್ಲಿ ವಯಲಿನ್ ಜೊತೆ ಗಾಂಧಾರ ಹಿಡಿದು ನಿಲ್ಲಿಸಿದರೆ ಸ್ವರ ಅಲೆ ಅಲೆಯಾಗಿ ನಡುಗುತ್ತದೆ. ಅಂಥ ಕಡೆ ಹಾರ್ಮೋನಿಯಂಗೆ ಷಡ್ಜ ಪಂಚಮ ಮಾತ್ರ ಬರೆಸುತ್ತಿದ್ದೆವು.

ಎಸಿ ಹಾಲ್‌ನ ತೊಂದರೆ ಇದಕ್ಕಿಂತ ದೊಡ್ಡದು. ಹೊರಗೆ 32 ಡಿಗ್ರಿ, ಒಳಗೆ 22. ತಣ್ಣಗಾದ ತಂತಿ ಕುಗ್ಗಿ ಬಿಗಿಯಾಗುತ್ತದೆ, ಸಿತಾರ್ ಏರುತ್ತದೆ. ತಣ್ಣಗಾದ ಗಾಳಿಯಲ್ಲಿ ಶಬ್ದದ ವೇಗ ತಗ್ಗುತ್ತದೆ, ಕೊಳಲು ಇಳಿಯುತ್ತದೆ. ಹತ್ತು ಡಿಗ್ರಿಗೆ ಅರ್ಧ ಸ್ವರದ ಕಾಲು ಭಾಗಕ್ಕೂ ಮಿಕ್ಕಿ ಇಳಿತ, ಊದುವವರ ಉಸಿರಿನ ಬಿಸಿ ಅದರಲ್ಲಿ ಸ್ವಲ್ಪ ತುಂಬಿಕೊಡುತ್ತದೆ ಅಷ್ಟೆ. ಮಳೆಗಾಲದಲ್ಲಿ ಸಡಿಲವಾಗಿದ್ದ ತಬಲಾ ಚರ್ಮ ಒಣಗಾಳಿಗೆ ಬಿಗಿದು ಅದೂ ಏರುತ್ತದೆ. ಹೀಗೆ ಗ್ರೀನ್‌ರೂಮಿನಲ್ಲಿ ಒಂದಾಗಿದ್ದ ಶ್ರುತಿ ವೇದಿಕೆಯ ಮೇಲೆ ಇಪ್ಪತ್ತೇ ನಿಮಿಷದಲ್ಲಿ ಎರಡು ದಿಕ್ಕಿಗೆ ಹೋಗುತ್ತದೆ. ನಮ್ಮ ಕ್ರಮ ಇಷ್ಟು: ವಾದ್ಯಗಳ ಪೆಟ್ಟಿಗೆ ತೆರೆದು ಹಾಲ್‌ನೊಳಗೆ ಮುಕ್ಕಾಲು ಗಂಟೆ ಇಡುವುದು, ಆಮೇಲೆ ಕೊಳಲಿನವರು ಐದು ನಿಮಿಷ ಊದಿ ಬಿಸಿ ಮಾಡುವುದು, ತುಟಿಯ ತೂತನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಹಾರ್ಮೋನಿಯಂಗೆ ಸಮ ಮಾಡುವುದು, ತಂತಿಯವರು ಅದಕ್ಕೆ ಕೂಡುವುದು, ತಬಲಾ ಕಡೆಗೆ. ತಬಲಾ ಮೊದಲು ಮಾಡಿದರೆ ತಬಲಾ ಬಾಯಿಯ ಸುತ್ತ ಹೆಣೆದ ಚರ್ಮದ ಅಂಚು, ಗಜರಾದ ಮೇಲೆ ಸುತ್ತಿಗೆ ಪೆಟ್ಟು ಎರಡು ಸಲ ಬೀಳುತ್ತದೆ.

ಸ್ವರಲಿಪಿ ಸಂಗೀತ ವಿದ್ವಾಂಸ ಭಾತಖಂಡೆಯವರದು. 1860ರಲ್ಲಿ ಇದೇ ಮುಂಬಯಿಯ ವಾಲ್ಕೇಶ್ವರದಲ್ಲಿ ಹುಟ್ಟಿದವರು. ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೆ ನಿಲುಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ, ಅಂದರೆ ಮೇಲಿನ ಸಪ್ತಕಕ್ಕೆ, ಮೇಲೆ ಚುಕ್ಕೆ. ದೇವನಾಗರಿಗೆ ಒಪ್ಪುವ ಈ ಏರ್ಪಾಡು ಕನ್ನಡಕ್ಕೆ ಬಂದಾಗ ‘ರಿ’, ‘ನಿ’ಗಳ ಗುಡಿಸು ಮೇಲಿನ ಚುಕ್ಕೆಯನ್ನು ನುಂಗಿಬಿಡುತ್ತದೆ. ಅದಕ್ಕೆ ನಮ್ಮ ಹಾಳೆಗಳಲ್ಲಿ ತಾರ ಸಪ್ತಕದ ಚುಕ್ಕೆ ಕೆಂಪು. ಜೆರಾಕ್ಸ್ ಮಾಡಿದ ಮೇಲೆ ಕೆಂಪು ಕಪ್ಪಾಗುತ್ತದಾದ್ದರಿಂದ ಪ್ರತಿಯೊಂದರ ಮೇಲೂ ಕೈಯಲ್ಲೇ ಇಡಬೇಕು. ಬೇಸರದ ಕೆಲಸ, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ಯಂತ್ರದ ಗಾಜಿನ ಮೇಲಿನ ಒಂದು ಧೂಳಿನ ಕಣ ಸಾಕು, ಮಧ್ಯ ಸಪ್ತಕದ ಗಾಂಧಾರ ತಾರಕ್ಕೆ ಹಾರುತ್ತದೆ.

ಇನ್ನು ಸುಮ್ಮನಿರುವ ವಿಷಯ. ಹೊಸ ರಚನೆ ಕೆಡುವುದು ಕಷ್ಟದ ತಾನುಗಳಲ್ಲಿ ಅಲ್ಲ, ಅವನ್ನು ಎಲ್ಲರೂ ಮನೆಯಲ್ಲಿ ತಿದ್ದಿಕೊಂಡು ಬರುತ್ತಾರೆ. ಹನ್ನೆರಡು ಆವರ್ತನ (ತಾಳದ ಸುತ್ತು) ಬಾಯಿಮುಚ್ಚಿ ಕೂತು ಹದಿಮೂರನೆಯದಕ್ಕೆ ಎದ್ದುಬರುವಲ್ಲಿ ಕೆಡುತ್ತದೆ. ರೂಪಕದಲ್ಲಂತೂ ಖಂಡಿತ: ಏಳು ಮಾತ್ರೆಯ, ಅಂದರೆ ಏಳು ಎಣಿಕೆಯ, ಈ ತಾಳದ ಮೊದಲ ಮಾತ್ರೆಯೇ ಖಾಲಿ, ಚಪ್ಪಾಳೆ ಬೀಳುವುದು ನಾಲ್ಕು ಮತ್ತು ಆರಕ್ಕೆ. ಚಪ್ಪಾಳೆ ಬಿದ್ದದ್ದೇ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಎಂದುಕೊಂಡವರು ಮೂರು ಮಾತ್ರೆ ತಡವಾಗಿ ಬರುತ್ತಾರೆ. ಎಣಿಕೆಗೆ ನಾವು ಬಳಸುತ್ತಿದ್ದ ಕ್ರಮದಲ್ಲಿ ಪ್ರತಿ ಆವರ್ತನದ ಮೊದಲ ಮಾತ್ರೆಯ ಜಾಗಕ್ಕೆ ಆವರ್ತನದ ಸಂಖ್ಯೆ ಬರುತ್ತದೆ. ಒಂದು-ಎರಡು-ಮೂರು-ನಾಲ್ಕು-ಐದು-ಆರು-ಏಳು, ಎರಡು-ಎರಡು-ಮೂರು-ನಾಲ್ಕು..., ಮೂರು-ಎರಡು-ಮೂರು-ನಾಲ್ಕು... ಹೀಗೆ ಎರಡೂ ಲೆಕ್ಕ ಒಂದೇ ನಾಲಿಗೆಯ ಮೇಲೆ ನಡೆಯುತ್ತವೆ. ಬರುವ ಮುಂಚಿನ ಎರಡು ಆವರ್ತನಗಳಲ್ಲಿ ಬೇರೆಯವರು ನುಡಿಸುವುದನ್ನು ಹಾಳೆಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳಬೇಕು, ಲೆಕ್ಕ ಜಾರಿದರೆ ಹಿಡಿಯಲು ಕೊಂಬೆ.

ಒಂದು ರಚನೆಯಲ್ಲಿ ಸಿತಾರುಗಳು ರೂಪಕದಲ್ಲೂ ವಯಲಿನ್‌ಗಳು ಹತ್ತು ಮಾತ್ರೆಯ ಝಪತಾಲದಲ್ಲೂ ಒಟ್ಟಿಗೆ ಹೊರಡುತ್ತಿದ್ದವು. ಏಳೂ ಹತ್ತೂ ಸೇರುವುದು 70ನೇ ಮಾತ್ರೆ ಮುಗಿದ ಮೇಲೆ, ನಿಮಿಷಕ್ಕೆ 60 ಮಾತ್ರೆಯ ಲಯದಲ್ಲಿ 70 ಸೆಕೆಂಡು. ಆ ನಡುವೆ ತಬಲಾ ಯಾವ ತಾಳದ ಠೇಕಾ ಹಿಡಿದರೂ ಒಂದು ಗುಂಪು ಎಳೆದುಹೋಗುತ್ತದೆ. ಹಲವು ಪ್ರಯೋಗದ ಬಳಿಕ ತಬಲಾ ಬರೀ ಮಾತ್ರೆ ತೋರಿಸಿದರೆ ಸಾಕು ಎಂದು ಗೊತ್ತಾಯಿತು. ಸೇರುವ ಜಾಗಕ್ಕೆ ಝಪತಾಲದ ಕೊನೆಯ ಆವರ್ತನದಲ್ಲಿ ವಯಲಿನ್ ತಿಹಾಯಿ: ಮೂರು ಮಾತ್ರೆಯ ತುಣುಕು ಮೂರು ಸಲ, ನಡುವೆ ಒಂದೊಂದು ಮಾತ್ರೆ ಬಿಡುವು, ಒಟ್ಟು 11, ಕೊನೆಯದು ಸಮ್‌ಗೆ ಬೀಳುತ್ತದೆ. ಒಬ್ಬರು ಒಂದು ಬಿಡುವು ನುಂಗಿದರೆ ಹತ್ತಕ್ಕೇ ಮುಗಿದು ಅವರೊಬ್ಬರೇ ಬಯಲಲ್ಲಿ ನಿಲ್ಲುತ್ತಾರೆ.

ಎಲ್ಲರೂ ಸುಮ್ಮನಿರುವ ಐದು ಮಾತ್ರೆಗಳೂ ಆ ರಚನೆಯಲ್ಲಿದ್ದವು. ಬರೆಯಲು ಸುಲಭ. ಆದರೆ ಕೈ ನಿಂತ ಮೇಲೂ ಸಿತಾರಿನ ತರಬ್‌ಗಳು ಗುಂಯ್ ಎನ್ನುತ್ತಲೇ ಇರುತ್ತವೆ, ಬೇರೆಯವರ ದನಿಗೂ ಅವು ತಾವಾಗಿ ಮಿಡಿಯುತ್ತವೆ. ಮೈಕ್ ಅದನ್ನೇ ಹಿಗ್ಗಿಸಿ ಹಾಲ್‌ಗೆ ಹಂಚುತ್ತದೆ. ಕೊನೆಯ ಮೀಟಿನೊಂದಿಗೇ ಅಂಗೈ ತಂತಿಗಳ ಮೇಲೆ ಮಲಗಬೇಕು, ತಬಲಾ ಜೋಡಿಯ ಡಗ್ಗಾದ ಮೇಲೂ ಒಂದು ಕೈ, ಹಾರ್ಮೋನಿಯಂನ ತಿದಿ ಪೂರ್ತಿ ಇಳಿಯಬೇಕು. ತಂಬೂರಿಯ ಇಬ್ಬರು ಮಾತ್ರ ನಿಲ್ಲಿಸಲು ಮರೆಯುತ್ತಾರೆ, ಏಕೆಂದರೆ ತಂಬೂರಿಯವರಿಗೆ ಹಾಳೆ ಕೊಡುವ ರೂಢಿಯೇ ಇಲ್ಲ. ಕೊಡಿ.

ಹಳೆಯ ಹಾಳೆಗಳು ಸಂಗೀತ ಕೋಣೆಯ ಕಬ್ಬಿಣದ ಕಪಾಟಿನಲ್ಲಿವೆ, ಒಂದೊಂದು ವಾದ್ಯಕ್ಕೆ ಒಂದೊಂದು ಫೈಲು. ಹೊಸದಾಗಿ ಸೇರಿದವರು ಪೆನ್ಸಿಲ್ ಗುರುತುಗಳನ್ನು ಅಳಿಸಿ ಚೊಕ್ಕ ಮಾಡಲು ಹೋಗಬೇಡಿ. ಎರಡನೇ ಕೊಳಲಿನ ಹಾಳೆಯಲ್ಲಿ 41ನೇ ಆವರ್ತನದ ಐದನೇ ಮಾತ್ರೆಯ ಮೇಲೆ ‘ಉಸಿರು’ ಎಂದಿದೆ. ಮೊದಲ ಕೊಳಲಿನದರಲ್ಲಿ ಅದೇ ಗುರುತು 42ರಲ್ಲಿ. ಇಬ್ಬರೂ ಒಟ್ಟಿಗೆ ಉಸಿರೆಳೆದರೆ ಅಲ್ಲಿ ಸ್ವರ ತುಂಡಾಗುತ್ತದೆ.