ಫ್ರಾನ್ಸಿನ ಚಳಿಗಾಲದ ಪುಟ್ಟ ರಜೆಗೆ ನಾವು ನೀಸ್ ನಗರವನ್ನು ಆರಿಸಿಕೊಂಡದ್ದೇಕೆ

ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವೆ ಸಿಗುವ ಕೆಲವೇ ದಿನಗಳ ರಜೆಯಲ್ಲಿ, ಪ್ಯಾರಿಸ್ಸಿನ ಹೊರವಲಯದಲ್ಲಿರುವ ನಮ್ಮ ಮನೆಯಿಂದ ಎಲ್ಲರೂ ಕೂಡಿ ಎಲ್ಲಿಗೆ ಹೋಗಬೇಕು ಎಂಬ ಮಾತು ಕಳೆದ ಚಳಿಗಾಲದಲ್ಲಿ ಬಂದಾಗ, ಊರುಗಳ ಪಟ್ಟಿ ಮಾಡುವುದಕ್ಕೆ ಮೊದಲು ಹೊರಡುವವರು ಯಾರು ಯಾರೆಂದು ಲೆಕ್ಕ ಹಾಕಿದೆ. ದಾವಣಗೆರೆಯಿಂದ ಬಂದಿದ್ದ ಅತ್ತೆ ಮಾವ, ಈಗಷ್ಟೇ ಶಾಲೆಗೆ ಸೇರಿದ ಮಗಳು, ನಾವಿಬ್ಬರು. ಅತ್ತೆಯವರಿಗೆ ಮಂಡಿನೋವು, ಮಾವನವರಿಗೆ ರಕ್ತದೊತ್ತಡ, ಇಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಈ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಗೆ ಹಿತವಾಗುವ ಊರೇ ಸರಿಯಾದ ಊರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದರ ಜೊತೆಗೆ ಬೆಳಕಿನ ಪ್ರಶ್ನೆಯೂ ಇದೆ. ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಸೂರ್ಯ ಹುಟ್ಟುವಾಗ ಬೆಳಗಿನ 8.40 ದಾಟಿರುತ್ತದೆ, ಸಂಜೆ 5 ಗಂಟೆಯ ಹೊತ್ತಿಗೆ ಕತ್ತಲಾಗುತ್ತದೆ, ನಡುವಿನ ಹೊತ್ತಿನಲ್ಲೂ ಮೋಡವೇ ಹೆಚ್ಚು. ವರ್ಷವಿಡೀ ಬಿಸಿಲು ಕಂಡವರಿಗೆ ಚಳಿಗಿಂತಲೂ ಈ ಮಂಕು ಹೆಚ್ಚು ಕಷ್ಟವೆನಿಸುತ್ತದೆ. ಬಂದು ಒಂದು ವಾರ ಕಳೆಯುವಷ್ಟರಲ್ಲಿ ಅತ್ತೆಯವರು ಬೆಳಿಗ್ಗೆ ಎದ್ದೊಡನೆ ಕಿಟಕಿಯ ಪರದೆ ಸರಿಸಿ, ಹೊರಗೆ ನೋಡಿ, ಮತ್ತೆ ಮುಚ್ಚಿಬಿಡುತ್ತಿದ್ದರು.

ಮೊದಲು ಎಲ್ಲರ ಬಾಯಲ್ಲೂ ಬಂದ ಹೆಸರು ಸ್ಟ್ರಾಸ್‌ಬರ್ಗ್. 1570ರಿಂದ ನಡೆದುಬಂದಿರುವ ಅಲ್ಲಿನ ಕ್ರಿಸ್‌ಮಸ್ ಸಂತೆ, 142 ಮೀಟರ್ ಎತ್ತರದ ಗೋಪುರವುಳ್ಳ ಕೆಂಪು ಮರಳುಗಲ್ಲಿನ ಕೆಥೆಡ್ರಲ್, ಕಾಲುವೆಯ ಅಂಚಿನಲ್ಲಿ ಮರದ ಚೌಕಟ್ಟಿನ ಮನೆಗಳು, ರೈಲಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಕೊಲ್ಮಾರ್, ಇವೆಲ್ಲ ನಿಜವಾಗಿಯೂ ನೋಡತಕ್ಕವೇ. ಪ್ಯಾರಿಸ್ಸಿನಿಂದ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಎರಡು ಗಂಟೆಯೂ ಹಿಡಿಯುವುದಿಲ್ಲ. ಆದರೆ ಆ ಸಂತೆಯ ಭರ್ಜರಿ ದಿನಗಳು ನವೆಂಬರ್ ಕೊನೆಯಿಂದ ಕ್ರಿಸ್‌ಮಸ್ ಹಿಂದಿನ ದಿನದವರೆಗೆ. ನಮಗೆ ರಜೆ ಸಿಗುವ ಹೊತ್ತಿಗೆ ಅಂಗಡಿಗಳನ್ನು ಕಳಚುವ ಕೆಲಸ ಶುರುವಾಗಿರುತ್ತದೆ. ಅದಕ್ಕೂ ಮುಂಚಿನ ವಾರಾಂತ್ಯಗಳಲ್ಲಿ ಹೋದರೆ, ಓಣಿಗಳಲ್ಲಿ ಹೆಗಲಿಗೆ ಹೆಗಲು ತಾಗುವ ಜನಜಂಗುಳಿಯ ನಡುವೆ ಮಂಡಿನೋವಿನವರನ್ನೂ ಮಗುವನ್ನೂ ಕರೆದುಕೊಂಡು ನಡೆಯಬೇಕು. ಊಟದ ವಿಷಯದಲ್ಲೂ ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಸೀಮೆ ಸಸ್ಯಾಹಾರಿಗಳಿಗೆ ಸುಲಭವಲ್ಲ. ತೆಳು ರೊಟ್ಟಿಯ ಮೇಲೆ ಕೆನೆ, ಈರುಳ್ಳಿ ಹರಡಿ ಸುಡುವ ತಾರ್ತ್ ಫ್ಲಾಂಬೆಯಲ್ಲಿ ಸಹ ಹಂದಿಮಾಂಸದ ಚೂರುಗಳು ವಾಡಿಕೆಯಂತೆ ಇದ್ದೇ ಇರುತ್ತವೆ. ದಂಪತಿಗಳಿಬ್ಬರೇ ಡಿಸೆಂಬರ್ ಮೊದಲ ವಾರದ ನಡುವಿನ ದಿನಗಳಲ್ಲಿ ಹೋಗುವುದಾದರೆ ನಾನು ಸ್ಟ್ರಾಸ್‌ಬರ್ಗನ್ನೇ ಹೇಳುತ್ತೇನೆ.

ನಮ್ಮ ಮನೆಯವರ ಆಸೆ ಹಿಮದ ಕಡೆಗಿತ್ತು. ಅಪ್ಪ ಅಮ್ಮ ಜೀವನದಲ್ಲಿ ಒಮ್ಮೆ ಹಿಮ ನೋಡಲಿ ಎಂಬ ಅವರ ಹಂಬಲವನ್ನು ತಳ್ಳಿಹಾಕುವುದು ನನಗೂ ಕಷ್ಟವಾಯಿತು. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ ಶಾಮೊನಿ ಮೋಂಬ್ಲಾ ಶಿಖರದ ಬುಡದಲ್ಲೇ ಇದೆ. ಆದರೆ ಅಲ್ಲಿನ ಹೆಸರಾಂತ ಕೇಬಲ್ ಕಾರು 1,035 ಮೀಟರ್ ಎತ್ತರದ ಊರಿನಿಂದ 3,842 ಮೀಟರ್ ಎತ್ತರದ ಏಗ್ವಿ ದ್ಯು ಮಿದಿ ಶಿಖರಕ್ಕೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಏರಿಸುತ್ತದೆ. ರಕ್ತದೊತ್ತಡ ಇರುವ ಹಿರಿಯರನ್ನು ಅಷ್ಟು ತೆಳುವಾದ ಗಾಳಿಗೆ ಅಷ್ಟು ಬೇಗ ಒಯ್ಯುವ ಧೈರ್ಯ ನನಗಿಲ್ಲ. ಪ್ಯಾರಿಸ್ಸಿನಿಂದ ರೈಲು ಬದಲಿಸಿಕೊಂಡು ಅಲ್ಲಿಗೆ ತಲುಪುವುದರಲ್ಲಿ ಹಗಲಿನ ಬಹುಪಾಲು ಕಳೆದುಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕೀ ಊರುಗಳಲ್ಲಿ ಬಾಡಿಗೆ ಮನೆಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕದಲ್ಲಿ ಕೊಡುತ್ತಾರೆ, ಅದರಲ್ಲೂ ವರ್ಷದ ಕೊನೆಯ ವಾರ ಅತ್ಯಂತ ದುಬಾರಿ. ಸ್ಕೀ ಆಡದವರು ಕೆಲವೇ ದಿನಗಳಿಗೆ ಇಷ್ಟೆಲ್ಲ ತೆರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಲಿಯೋನ್ ನಗರದ ಬಗ್ಗೆಯೂ ಯೋಚಿಸಿದೆವು. 1852ರಿಂದ ಬಂದ ಸಂಪ್ರದಾಯದಂತೆ ಡಿಸೆಂಬರ್ 8ರಂದು ಅಲ್ಲಿನ ಜನ ಕಿಟಕಿಗಳಲ್ಲಿ ದೀಪ ಹಚ್ಚಿಡುತ್ತಾರೆ. ಆ ಹಬ್ಬ ನಮ್ಮ ರಜೆಗೆ ಮೊದಲೇ ಮುಗಿದಿರುತ್ತದೆ.

ಹೀಗೆ ಉಳಿದದ್ದು ದಕ್ಷಿಣದ ಕಡಲತೀರದ ನೀಸ್. ಬೇಸಿಗೆಯ ಊರೆಂದು ಹಲವರು ತಿಳಿದಿರುವ ನೀಸ್ ಬೆಳೆದದ್ದೇ ಚಳಿಗಾಲದ ಅತಿಥಿಗಳಿಂದ. ಉತ್ತರದ ಚಳಿ ತಾಳಲಾರದೆ ಬಂದು ನೆಲೆಸುತ್ತಿದ್ದ ಇಂಗ್ಲಿಷರ ಹೆಸರೇ ಕಡಲಂಚಿನ ದೊಡ್ಡ ರಸ್ತೆಗೆ ಇದೆ. 2021ರಲ್ಲಿ ಯುನೆಸ್ಕೋ ಈ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದೂ ಚಳಿಗಾಲದ ವಿಹಾರನಗರಿ ಎಂಬ ಕಾರಣಕ್ಕೇ. ಡಿಸೆಂಬರ್ ಮಧ್ಯಾಹ್ನಗಳಲ್ಲಿ ಅಲ್ಲಿ ಸುಮಾರು 13 ಡಿಗ್ರಿ ಇರುತ್ತದೆ. ಮಳೆ ಬರುವುದೇ ಇಲ್ಲವೆಂದಲ್ಲ, ಸಮುದ್ರದಲ್ಲಿ ಈಜುವ ಮಾತಂತೂ ಇಲ್ಲ, ಆದರೂ ಒಂದು ಸ್ವೆಟರು ಹಾಕಿಕೊಂಡು ಬೆಂಚಿನ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂರಬಹುದು.

ಪ್ಯಾರಿಸ್ಸಿನಿಂದ ನೇರ ಟಿಜಿವಿ ರೈಲಿಗೆ ಆರು ಗಂಟೆಯ ಆಸುಪಾಸು ಬೇಕು. ದೂರವೆನಿಸಿದರೂ ನಡುವೆ ಎಲ್ಲೂ ಇಳಿದು ಹತ್ತುವ ಕೆಲಸವಿಲ್ಲ. ಸಾಧ್ಯವಾದರೆ ರೈಲು ಸಾಗುವ ದಿಕ್ಕಿಗೆ ಬಲಗಡೆಯ ಆಸನಗಳನ್ನು ಆರಿಸಿಕೊಳ್ಳಿ. ಸೇಂಟ್ ರಾಫಾಯೆಲ್ ದಾಟಿದ ಮೇಲೆ ಎಸ್ಟೆರೆಲ್ ಬೆಟ್ಟದ ಕೆಂಪು ಬಂಡೆಗಳೂ ನೀಲಿ ಸಮುದ್ರವೂ ಕಿಟಕಿಯ ಪಕ್ಕದಲ್ಲೇ ಬರುತ್ತವೆ. ನಿಲ್ದಾಣದ ಹತ್ತಿರ ಅಡುಗೆಮನೆಯಿರುವ ಒಂದು ಬಾಡಿಗೆ ಮನೆ ಹಿಡಿದರೆ ಅಲ್ಲಿಂದಲೇ ಸ್ಥಳೀಯ ರೈಲಿನಲ್ಲಿ ವಿಲ್‌ಫ್ರಾಂಶ್, ಮೊನಾಕೊ, ಇಟಲಿಯ ಗಡಿಯ ಮಾಂತೋನ್ ಎಲ್ಲವನ್ನೂ ನೋಡಿ ಸಂಜೆಗೆ ಮರಳಬಹುದು. ನೀಸ್ ನಗರದ ಕೋಟೆಬೆಟ್ಟದ ಮೇಲಕ್ಕೆ ಲಿಫ್ಟ್ ಇದೆ, ಅದಕ್ಕೆ ಹಣ ಕೊಡಬೇಕಿಲ್ಲ. ಮಂಡಿನೋವಿನವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಯಾವುದೂ ಇಲ್ಲ. ಕಡಲತೀರದಲ್ಲಿ ಮರಳಿಲ್ಲ, ನುಣುಪಾದ ಬೂದು ಬಣ್ಣದ ಗುಂಡುಕಲ್ಲುಗಳಿವೆ. ನಡೆಯಲು ಕಷ್ಟವಾದ್ದರಿಂದ ಹಿರಿಯರು ಮೇಲಿನ ದಾರಿಯಲ್ಲೇ ಇರುವುದು ಒಳ್ಳೆಯದು. ಮಗಳು ಮಾತ್ರ ಆ ಕಲ್ಲುಗಳನ್ನು ಒಂದೊಂದಾಗಿ ನೀರಿಗೆ ಎಸೆಯುತ್ತ ಹಸಿವನ್ನೇ ಮರೆತಳು.

ಊಟದ ಚಿಂತೆಯನ್ನು ಹಗುರ ಮಾಡಿದ್ದು ಸೊಕ್ಕಾ. ಕಡಲೆಹಿಟ್ಟನ್ನು ನೀರು, ಆಲಿವ್ ಎಣ್ಣೆ, ಉಪ್ಪಿನೊಂದಿಗೆ ಕಲಸಿ, ಅಗಲವಾದ ತಾಮ್ರದ ತಟ್ಟೆಗೆ ಹುಯ್ದು, ಸೌದೆ ಒಲೆಯೊಳಗೆ ತಳ್ಳಿ, ಅಂಚು ಕರಿಗಟ್ಟುವವರೆಗೆ ಸುಡುತ್ತಾರೆ. ಆಮೇಲೆ ಕೆರೆದು ತುಂಡು ಮಾಡಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಹಳೆಯ ಪೇಟೆಯ ಓಣಿಯಲ್ಲಿ ನಿಂತು ಮೊದಲ ತುಂಡು ಬಾಯಿಗಿಟ್ಟ ಅತ್ತೆಯವರು, "ಇದು ನಮ್ಮ ಕಡಲೆಹಿಟ್ಟೇ ಅಲ್ವೇನಮ್ಮಾ?" ಎಂದು ಕೇಳಿ, ಇನ್ನೊಂದು ತಟ್ಟೆ ತರಲು ಮಾವನವರನ್ನೇ ಕಳುಹಿಸಿದರು. ಅಲ್ಲೇ ಸಿಗುವ ಪಿಸ್ಸಲಾದಿಯೇರ್ ನೋಡಲು ಈರುಳ್ಳಿಯ ರೊಟ್ಟಿಯಂತಿದ್ದರೂ ಅದರಲ್ಲಿ ಸಣ್ಣ ಮೀನು ಸೇರಿರುತ್ತದೆ. ಸಸ್ಯಾಹಾರಿಗಳು ಕೇಳದೆ ಕೊಳ್ಳಬಾರದು. ಡಿಸೆಂಬರ್ 25 ಮತ್ತು ಜನವರಿ 1ರಂದು ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ಹಾಲು, ಮೊಸರು, ತರಕಾರಿಗಳನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಬೇಕು.

ನಿಮ್ಮ ರಜೆ ಫೆಬ್ರವರಿಯಲ್ಲಿ ಬರುವುದಾದರೆ ನೀಸ್ ಇನ್ನೂ ಸೊಗಸು. ಆಗ ಅಲ್ಲಿ ಕಾರ್ನಿವಲ್ ನಡೆಯುತ್ತದೆ, ಮಾಂತೋನಿನಲ್ಲಿ ನಿಂಬೆ, ಕಿತ್ತಳೆ ಹಣ್ಣುಗಳನ್ನೇ ಜೋಡಿಸಿ ಭಾರಿ ಆಕೃತಿಗಳನ್ನು ನಿಲ್ಲಿಸುವ ನಿಂಬೆಹಬ್ಬವೂ ಇರುತ್ತದೆ. ಫ್ರಾನ್ಸಿನ ಶಾಲೆಗಳಿಗೆ ಆ ಚಳಿಗಾಲದ ರಜೆಯನ್ನು ಮೂರು ವಲಯಗಳಾಗಿ ವಿಂಗಡಿಸಿ ಬೇರೆ ಬೇರೆ ವಾರಗಳಲ್ಲಿ ಕೊಡುತ್ತಾರೆ. ಪ್ಯಾರಿಸ್ ವಲಯದ ರಜೆ ಶುರುವಾಗುವ ಶನಿವಾರ ರೈಲಿನ ಟಿಕೆಟ್ ದರ ಬಹಳ ಏರುವುದರಿಂದ, ಸಾಧ್ಯವಿದ್ದವರು ಆ ದಿನವನ್ನು ಬಿಟ್ಟು ವಾರದ ನಡುವೆ ಹೊರಡುವುದು ಮೇಲು.