ಮಾಯಾ ಶೂರ್ಪನಖಿಯ ತುಟಿ

ಯಕ್ಷಗಾನದ ಪಂಚವಟಿ ಪ್ರಸಂಗದ ಶೂರ್ಪನಖಿಗೆ ಎರಡು ಬಾಯಿ. ಘೋರ ಶೂರ್ಪನಖಿ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಹೆಣ್ಣುಬಣ್ಣ, ರಾಕ್ಷಸಿಯ ವೇಷ; ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಉಬ್ಬುಚುಕ್ಕೆಗಳ ಚುಟ್ಟಿ ಇಟ್ಟು, ಮುಖವೆಲ್ಲ ಬಾಯಿಯೇ ಅನ್ನಿಸುವಂತೆ ಬರೆಯುತ್ತಾರೆ. ರಾಮನನ್ನು ಮರುಳು ಮಾಡಲು ಅವಳೇ ಸುಂದರಿಯಾಗಿ ಬರುವಾಗ ಅದು ಸ್ತ್ರೀವೇಷ. ನಮ್ಮ ಹವ್ಯಾಸಿ ತಂಡದ ಆಟದಲ್ಲಿ ಆ ಮಾಯಾ ಶೂರ್ಪನಖಿ ನನ್ನ ಪಾಲಿಗೆ ಬಂತು. ಬಣ್ಣ ಹಚ್ಚುವ ಚೌಕಿಯಲ್ಲಿ ಪಕ್ಕದಲ್ಲೇ ಕೂತ ಘೋರರೂಪದವರ ಬಾಯಿ ದೊಡ್ಡದಾಗುತ್ತ ಹೋದಂತೆ, ನನ್ನದನ್ನು ಚಿಕ್ಕದು ಮಾಡುವ ಹಟ ನನಗೆ ಏರಿತು.

ಚಿಕ್ಕ ತುಟಿ ಬರೆಯಬೇಕಾದರೆ ಮೊದಲು ಇರುವ ತುಟಿ ಅಳಿಯಬೇಕು. ನನ್ನದು ಅಗಲ ಬಾಯಿ. ಮುಖಕ್ಕೆ ಹಚ್ಚಿದ ಬಣ್ಣವನ್ನೇ ತುಟಿಯ ಮೇಲೂ ತೆಳ್ಳಗೆ ಎಳೆದು ಪೌಡರ್ ಒತ್ತಿದೆ, ಅಂಚು ಪೂರ್ತಿ ಮುಚ್ಚುವವರೆಗೆ ಇನ್ನೊಂದು ಪದರ ಕೊಟ್ಟೆ. ಕಷ್ಟವೆಲ್ಲ ಬಾಯಿಯ ಮೂಲೆಗಳಲ್ಲಿ. ಅಲ್ಲಿ ಎಂಜಲಿನ ಪಸೆ ನಿಂತು ಬಣ್ಣ ಬಿರಿಯುತ್ತದೆ. ಹಿಂದಿನವರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಎಂಬ ಖನಿಜದ ಪುಡಿಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಗಂಟೆಗಟ್ಟಲೆ ಅರ್ಥ ಹೇಳುವ, ಅಂದರೆ ಪಾತ್ರದ ಮಾತಾಡುವ, ಬಾಯಿಗೆ ಅವು ಬೇಡವೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ಯಾನ್‌ಕೇಕ್, ಲಿಪ್‌ಸ್ಟಿಕ್ ಸಾಕು.

ಕಡ್ಡಿಯ ತುದಿಯಿಂದ ಮೇಲ್ದುಟಿಯ ನಡುವೆ ಎರಡು ಏರು, ಕೆಳದುಟಿಗೆ ಒಂದೇ ಉರುಟು. ತುಟಿಯ ಅಗಲ ಮೂಗಿನ ಹೊಳ್ಳೆಗಳನ್ನು ದಾಟಲಿಲ್ಲ. ಬಾಯಿ ಮುಚ್ಚಿದಾಗ ತುಟಿಗಳು ಕೂಡುವಲ್ಲಿ ಕಾಡಿಗೆಯ ಒಂದು ಸಣ್ಣ ಗೆರೆ ಎಳೆದೆ. ಕೊನೆಯ ಸಾಲಿಗೆ ಬಾಯಿ ಕಾಣಿಸುವುದೇ ಅದರಿಂದ. ನೀಲಿ ಬೆಳಕು ಬಿದ್ದರೆ ಕೆಂಪು ಕಪ್ಪಾಗುತ್ತದೆ, ಹಾಗಾಗಿ ಲೈಟಿನವರಿಗೆ ಮೊದಲೇ ಹೇಳಿಟ್ಟಿದ್ದೆ.

ಗುರುಗಳು ಬಂದು ನೋಡಿದರು. “ಇಷ್ಟು ಸಣ್ಣ ಯಾಕೆ ಮಾರಾಯಾ? ದಮಯಂತಿಗೂ ಇಷ್ಟು ಬೇಡ.”

“ದಮಯಂತಿ ಹುಟ್ಟು ಚೆಲುವೆ ಗುರುಗಳೇ. ಇವಳದ್ದು ತಾನೇ ಮಾಡಿಕೊಂಡ ರೂಪ. ಮಾಡಿಕೊಂಡದ್ದು ಅಂತ ಕಾಣಬೇಕು.”

“ಹಾಗಾದ್ರೆ ಮಾತಾಡುವಾಗ ಜಾಗ್ರತೆ” ಅಂದರು, ಅಷ್ಟೇ.

ಅವರು ಹೇಳಿದ್ದು ಎಷ್ಟು ದೊಡ್ಡ ಮಾತೆಂದು ರಂಗಸ್ಥಳಕ್ಕೆ ಹೋದಾಗ ತಿಳಿಯಿತು. ಬರೆದ ತುಟಿ ಸುಮ್ಮನಿದ್ದಾಗ ಮಾತ್ರ ಚಿಕ್ಕದು. ಬಾಯಿ ತೆರೆದರೆ ಅಡಗಿಸಿದ ತುಟಿ ಅಕ್ಕಪಕ್ಕದಲ್ಲಿ ಎದ್ದು ನಿಲ್ಲುತ್ತದೆ. ರಾಮನ ಎದುರು ಮೂಲೆಗಳನ್ನು ಬಿಗಿಹಿಡಿದೇ ಮಾತಾಡಿದೆ. ದನಿಯೂ ತಾನಾಗಿ ಸಣ್ಣಗಾಯಿತು, ಮಾತು ಮೊಟಕಾಯಿತು, ಕತ್ತು ವಾಲಿತು. ಅಷ್ಟು ದಿನ ಅಭ್ಯಾಸದಲ್ಲಿ ಹುಡುಕಿದ ಒಯ್ಯಾರ ಆ ಬಣ್ಣದಿಂದ ಮೈಗೆ ಬಂತು. ಲಕ್ಷ್ಮಣನೂ ಒಲ್ಲೆ ಎಂದಾಗ ಮಾತ್ರ ಬಿಗಿ ಬಿಟ್ಟು, ಬಾಯಿ ಇದ್ದಷ್ಟೂ ಅಗಲಿಸಿ ನಕ್ಕೆ.

ಮುಂದೆ ಚಾಪೆಯಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು ನಿಂತು ಕೂಗಿದ: “ಅಮ್ಮಾ, ಆಗ ಬಂದವಳೇ ಇವಳು!”