ಹೊಳೆ ಏರಿದಾಗ ಮರೆವಿನ ಕಾಯಿಲೆಯ ಹಿರಿಯರನ್ನು ಹೊರಡಿಸುವುದು

ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ನೀರು ಅದರ ಹತ್ತಿರ ಬಂದ ಸುದ್ದಿ ಕೇಳಿದ ಕೂಡಲೇ ಹೊನ್ನಾಳಿ, ಹರಿಹರದ ಹೊಳೆದಂಡೆಯ ಮನೆಗಳವರು ಚೀಲ ಕಟ್ಟಿಡಬೇಕು. ಡಿಮೆನ್ಷಿಯಾ ಇರುವ ಅಜ್ಜಿಯನ್ನು ಹಗಲಲ್ಲೇ ಎತ್ತರದಲ್ಲಿರುವ ನೆಂಟರ ಮನೆಗೆ ಕರೆದೊಯ್ಯಿರಿ. ಸಂಜೆಯಾದರೆ ಗಲಿಬಿಲಿ ಹೆಚ್ಚು, ಹಟವೂ ಹೆಚ್ಚು.

ಚೀಲದಲ್ಲಿ 7 ದಿನದ ಮಾತ್ರೆ, ವೈದ್ಯರ ಚೀಟಿಯ ನಕಲು, ಇತ್ತೀಚಿನ ಫೋಟೊ, ಕನ್ನಡಕ, ದಿನಕ್ಕೆ 4ರಂತೆ 3 ದಿನಕ್ಕೆ 12 ಡೈಪರ್, ಅವರು ದಿನಾ ಹೊದೆಯುವ ಅದೇ ಕೌದಿ. ಹೊಸ ಹೊದಿಕೆ ಬೇಡ. ಹಳೆಯದರ ವಾಸನೆಯೇ ಅವರಿಗೆ ಧೈರ್ಯ. ತಿನ್ನಲು ಬಾಳೆಹಣ್ಣು ಸಾಕು. ನುಂಗಲು ಕಷ್ಟವಿದ್ದವರಿಗೆ ನಮ್ಮೂರಿನ ಮಂಡಕ್ಕಿ ಗಂಟಲಿಗೆ ಸಿಕ್ಕೀತು. ಮನೆಯವರ ಮೊಬೈಲ್ ನಂಬರನ್ನು ಬಟ್ಟೆಯ ಒಳಮಗ್ಗುಲಿಗೆ ಹೊಲಿಯಿರಿ, ಜೇಬಿನ ಚೀಟಿ ಕಳೆದುಹೋಗುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಬಾಗಿಲಲ್ಲೇ. "ನೀರು ಬಂತು, ಏಳಿ!" ಎಂದು ಕೂಗಿ ರಟ್ಟೆ ಎಳೆದರೆ ಅವರು ಬಾಗಿಲ ಚೌಕಟ್ಟನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಎದುರಿಗೆ ನಿಂತು, ಅಂಗೈ ಕೆಳಗೆ ಅಂಗೈ ಕೊಟ್ಟು, "ಅಜ್ಜಿ, ಚಪ್ಪಲಿ ಹಾಕ್ಕೊಳ್ರಿ" ಎನ್ನಿ. ಅದಾದ ಮೇಲೆ ಮುಂದಿನ ಮಾತು. ಒಬ್ಬರು ಅವರ ಕೈ ಬಿಡಲೇಬಾರದು. ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ಇನ್ನೊಬ್ಬರ ಪಾಲು. ಸುಮ್ಮನಿರಲೆಂದು ನಿದ್ದೆ ಮಾತ್ರೆ ಕೊಡಬೇಡಿ, ಬಿದ್ದಾರು.

ನೆರೆ ಬಂದಾಗ ತಂಗುವ ಕಾಳಜಿ ಕೇಂದ್ರದಲ್ಲಾದರೆ ಗೋಡೆಯ ಮೂಲೆ, ಶೌಚಾಲಯಕ್ಕೆ ಹತ್ತಿರ, ಬಾಗಿಲಿಗೆ ದೂರ. ಕಾಣೆಯಾದರೆ ತಡಮಾಡದೆ 112ಕ್ಕೆ ಕರೆ ಮಾಡಿ.